ಆಗುಂಬೆ ಘಾಟಿಯಲ್ಲಿ ಓಡಾಡುವ ಒಂದು ಕಾರು: ಹೆಡ್‌ಲೈಟ್ ಬಲ್ಬ್ ಬದಲಾವಣೆಯ ಪ್ರಕರಣ ಅಧ್ಯಯನ

ಇಲ್ಲಿ ಪರಿಶೀಲಿಸಿರುವುದು 2009ರಲ್ಲಿ ನೋಂದಣಿಯಾದ ಒಂದು ಸಣ್ಣ ಪೆಟ್ರೋಲ್ ಕಾರಿನ ಸಂಗತಿ. ಅದರ ಮಾಲೀಕರು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ತಾಯಿಯ ಚಿಕಿತ್ಸೆಗೆಂದು ಮಣಿಪಾಲಕ್ಕೆ ಹೋಗಿ, ಸಂಜೆ ಅಲ್ಲಿಂದ ಹೊರಟು ಕತ್ತಲಾದ ಮೇಲೆ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವುದು ಅವರ ವಾಡಿಕೆ. ಘಾಟಿಯ 14 ತಿರುವುಗಳಲ್ಲಿ ಬೀದಿದೀಪವಿಲ್ಲ, ಮಳೆಗಾಲದಲ್ಲಿ ಮಂಜು ರಸ್ತೆಗೇ ಇಳಿದಿರುತ್ತದೆ, ಎರಡೂ ಬದಿಯ ಕಾಡು ಬೆಳಕನ್ನು ನುಂಗುತ್ತದೆ. ಕಾರಿನ ಲೋ ಬೀಮ್‌ನಲ್ಲಿ, ಎಂದರೆ ಹೆಡ್‌ಲೈಟಿನ ತಗ್ಗಿಸಿದ ಬೆಳಕಿನಲ್ಲಿ, ರಸ್ತೆಯ ಅಂಚು ಕಾಣುವುದಿಲ್ಲ ಎಂಬ ಅವರ ದೂರು ಉತ್ಪ್ರೇಕ್ಷೆಯದಾಗಿರಲಿಲ್ಲ. ಆದರೆ ಆ ದೂರಿಗೆ ಅವರು ಹುಡುಕಿಕೊಂಡ ಮೊದಲ ಎರಡು ಪರಿಹಾರಗಳು ಕಾರನ್ನು ಕಾನೂನಿನ ಹೊರಗೆ ತಂದು ನಿಲ್ಲಿಸಿದವು. ಅಷ್ಟಾದರೂ ರಸ್ತೆ ಮೊದಲಿಗಿಂತ ಚೆನ್ನಾಗಿ ಕಾಣಲಿಲ್ಲ. ಈ ಎರಡು ಸಂಗತಿಗಳಿಗೂ ಮೂಲ ಒಂದೇ ಎಂಬ ಕಾರಣದಿಂದ ಪ್ರಕರಣವನ್ನು ವಿವರವಾಗಿ ದಾಖಲಿಸುವುದು ಉಪಯುಕ್ತವೆನಿಸಿತು.

ಕಾರಿನಲ್ಲಿ ಕಂಪನಿಯಿಂದಲೇ ಬಂದದ್ದು ಎಚ್4 ಮಾದರಿಯ 60/55 ವ್ಯಾಟ್ ಹ್ಯಾಲೊಜೆನ್ ಬಲ್ಬ್. ಈ ಬಲ್ಬಿನ ಒಂದೇ ಗಾಜಿನೊಳಗೆ ಎರಡು ಫಿಲಮೆಂಟುಗಳಿರುತ್ತವೆ: 60 ವ್ಯಾಟಿನದು ಹೈ ಬೀಮ್‌ಗೆ, 55 ವ್ಯಾಟಿನದು ಲೋ ಬೀಮ್‌ಗೆ. ಲೋ ಬೀಮ್ ಫಿಲಮೆಂಟಿನ ಕೆಳಗೆ ಲೋಹದ ಒಂದು ಪುಟ್ಟ ಬಟ್ಟಲು ಇರುತ್ತದೆ. ಕೆಳಮುಖವಾಗಿ ಹೋಗುವ ಬೆಳಕನ್ನು ಅದು ತಡೆಯುವುದರಿಂದ ಬಲ್ಬಿನ ಹಿಂದಿರುವ ಕನ್ನಡಿಯಂತಹ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಯ ಕಡೆಗೆ ಇಳಿಯುತ್ತದೆ. ಗೋಡೆಯ ಮುಂದೆ ಕಾರು ನಿಲ್ಲಿಸಿ ನೋಡಿದರೆ ಬೆಳಕಿಗೂ ಕತ್ತಲೆಗೂ ನಡುವೆ ಸ್ಪಷ್ಟವಾದ ಗೆರೆಯೊಂದು ಕಾಣುವುದು ಈ ಬಟ್ಟಲಿನ ಅಂಚಿನಿಂದಲೇ. ಎಡಬದಿಯಲ್ಲಿ ವಾಹನ ಓಡಿಸುವ ನಮ್ಮ ದೇಶದಲ್ಲಿ ಆ ಗೆರೆ ಬಲಕ್ಕೆ ಸಮತಟ್ಟಾಗಿದ್ದು, ಎಡಕ್ಕೆ 15 ಡಿಗ್ರಿ ಮೇಲೇರುತ್ತದೆ. ಎದುರಿನಿಂದ ಬರುವವರ ಕಣ್ಣಿಗೆ ಬೆಳಕು ಹೋಗದಂತೆಯೂ, ರಸ್ತೆಯ ಎಡ ಅಂಚಿನಲ್ಲಿ ನಡೆಯುವವರು ದೂರದಿಂದಲೇ ಕಾಣುವಂತೆಯೂ ಇರುವ ಏರ್ಪಾಡು ಇದು. ಬಲ್ಬುಗಳನ್ನು ಕುರಿತ ವಿಶ್ವಸಂಸ್ಥೆಯ 37ನೇ ನಿಯಮಾವಳಿಯ ಪ್ರಕಾರ 13.2 ವೋಲ್ಟ್‌ನಲ್ಲಿ ಎಚ್4 ಬಲ್ಬ್ ಲೋ ಬೀಮ್‌ನಲ್ಲಿ 1000 ಲ್ಯುಮೆನ್ (ಒಟ್ಟು ಬೆಳಕಿನ ಅಳತೆ), ಹೈ ಬೀಮ್‌ನಲ್ಲಿ 1650 ಲ್ಯುಮೆನ್ ಬೆಳಕು ಕೊಡಬೇಕು, ಎರಡರಲ್ಲೂ ಶೇ. 15ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಎಂದರೆ ಬೆಳಕಿಗೆ ಕೆಳಮಿತಿ ಇರುವಂತೆ ಮೇಲ್ಮಿತಿಯೂ ಇದೆ. ಪೊಟ್ಟಣದ ಮೇಲೆ ಎಷ್ಟು ದೊಡ್ಡ ಶೇಕಡಾವಾರು ಮುದ್ರಿಸಿದ್ದರೂ, ನಿಯಮಬದ್ಧವಾದ ಎಚ್4 ಬಲ್ಬಿನ ಒಟ್ಟು ಬೆಳಕು ಈ ಮಿತಿಯನ್ನು ಮೀರುವಂತಿಲ್ಲ.

ಮಾಲೀಕರು ಮೊದಲು ಮಾಡಿದ್ದು ಮಲೆನಾಡಿನಲ್ಲಿ ಎಲ್ಲರೂ ಮಾಡುವ ಕೆಲಸ: 100/90 ವ್ಯಾಟಿನ ಬಲ್ಬುಗಳನ್ನು ತಂದು ಹಳೆಯ ಹೋಲ್ಡರಿಗೇ ಸಿಕ್ಕಿಸಿದರು. ಇಂತಹ ಬಲ್ಬುಗಳು ಜೀಪು, ಲಾರಿಗಳ ಕಾಲದಿಂದಲೂ ಎಲ್ಲ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. 37ನೇ ನಿಯಮಾವಳಿಯ ಎಚ್4 ಪಟ್ಟಿಯಲ್ಲಾಗಲಿ, ಅದನ್ನೇ ಅನುಸರಿಸುವ ನಮ್ಮ ದೇಶದ ವಾಹನ ಬಲ್ಬುಗಳ ಎಐಎಸ್-034 ಮಾನದಂಡದಲ್ಲಾಗಲಿ 100/90 ಎಂಬ ಅಳತೆಯೇ ಇಲ್ಲ ಎಂಬುದನ್ನು ಮಾರುವವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಮೊದಲ ಕೆಲವು ವಾರ ಬೆಳಕು ಹೆಚ್ಚಾದಂತೆ ಅವರಿಗೆ ಅನ್ನಿಸಿತ್ತು. ಆಮೇಲೆ ಬಲಗಡೆಯ ದೀಪ ಮಿಣುಕತೊಡಗಿತು, ಸ್ಟಿಯರಿಂಗ್ ಪಕ್ಕದ ಲೈಟ್ ಸ್ವಿಚ್ ಕೈಗೆ ಬಿಸಿ ತಾಗುವಷ್ಟು ಕಾಯತೊಡಗಿತು. ಕೊನೆಗೆ ಬಾನೆಟ್ ತೆಗೆದು ನೋಡಿದಾಗ ಬಲ್ಬಿಗೆ ವೈರು ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಕಂದುಬಣ್ಣಕ್ಕೆ ತಿರುಗಿ, ಒಂದು ಮೂಲೆ ಕರಗಿ ಬಲ್ಬಿನ ಕಡ್ಡಿಗೆ ಅಂಟಿಕೊಂಡಿತ್ತು.

ಇದರ ಲೆಕ್ಕ ಸರಳವಾದದ್ದು. ವ್ಯಾಟ್ 55ರಿಂದ 90ಕ್ಕೆ ಏರಿದರೆ ಕರೆಂಟ್ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ವೈರು ಮತ್ತು ಸ್ವಿಚ್ಚಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಎರಡು ಪಟ್ಟನ್ನು ಮೀರುತ್ತದೆ. ಈ ಕಾರಿನಲ್ಲಿ, ಆ ಕಾಲದ ಅನೇಕ ಸಣ್ಣ ಕಾರುಗಳಲ್ಲಿ ಇರುವಂತೆ, ಹೆಡ್‌ಲೈಟಿನ ಪೂರ್ತಿ ಕರೆಂಟ್ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಒಳಗಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಮತ್ತೆ ಮುಂದಕ್ಕೆ ಹೋಗುತ್ತಿತ್ತು. 55 ವ್ಯಾಟಿಗೆಂದೇ ಆರಿಸಿದ ಆ ಸಣ್ಣ ವೈರಿಗೆ 15 ವರ್ಷದ ತೇವಾಂಶ ತಗುಲಿ, ಕಪ್ಲರ್‌ಗಳ ಒಳಗೆ ಹಸಿರು ಕಿಲುಬು ಕಟ್ಟಿತ್ತು. ಆಗ ಹೆಚ್ಚುವರಿ ಕರೆಂಟ್ ಬೆಳಕಾಗುವುದಕ್ಕಿಂತ ಹೆಚ್ಚಾಗಿ ದಾರಿಯಲ್ಲೇ ಶಾಖವಾಗಿ ಸೋರಿಹೋಗುತ್ತದೆ.

ಕಪ್ಲರ್ ಬದಲಾಯಿಸಿದ ಮೇಲೆ ಎರಡನೆಯ ಪರಿಹಾರವಾಗಿ ಬಂದದ್ದು ಆನ್‌ಲೈನಿನಲ್ಲಿ ತರಿಸಿದ ಎಲ್‌ಇಡಿ ಕಿಟ್. ಪೆಟ್ಟಿಗೆಯ ಮೇಲೆ ಒಂದು ಜೋಡಿಗೆ 20,000 ಲ್ಯುಮೆನ್ ಎಂದು ಅಚ್ಚಾಗಿತ್ತು. ಈ ಅಂಕಿಯನ್ನು ನಂಬುವ ಮೊದಲು ಒಂದು ಹೋಲಿಕೆ ನೆನಪಿನಲ್ಲಿರಬೇಕು: ದುಬಾರಿ ಕಾರುಗಳಲ್ಲಿ ಕಂಪನಿಯಿಂದಲೇ ಬರುತ್ತಿದ್ದ 35 ವ್ಯಾಟಿನ ಕ್ಸೆನಾನ್ ಡಿ2ಎಸ್ ಬಲ್ಬಿನ ಬೆಳಕು 3200 ಲ್ಯುಮೆನ್. ಲೋ ಬೀಮ್‌ನ ಬೆಳಕಿನ ಮೂಲ 2000 ಲ್ಯುಮೆನ್ ಮೀರಿದರೆ ದೀಪದ ಕೋನ ತಾನೇ ಸರಿಹೊಂದಿಕೊಳ್ಳುವ ವ್ಯವಸ್ಥೆಯೂ ದೀಪದ ಗಾಜನ್ನು ತೊಳೆಯುವ ಸಾಧನವೂ ಇರಬೇಕೆಂದು ವಿಶ್ವಸಂಸ್ಥೆಯ 48ನೇ ನಿಯಮಾವಳಿಯಲ್ಲಿ ವಿಧಿಸಲಾಗಿತ್ತು. ಗಾಜಿನ ಮೇಲಿನ ಕೊಳೆ ಬೆಳಕನ್ನು ಚದುರಿಸಿ ಎದುರಿನವರ ಕಣ್ಣಿಗೆ ಎಸೆಯುತ್ತದೆ ಎಂಬ ಎಚ್ಚರಿಕೆ ಅದರ ಹಿಂದಿದೆ. ಪೆಟ್ಟಿಗೆಯ ಮೇಲಿನ ಮಾತು ನಿಜವೇ ಆಗಿದ್ದರೆ ಆ ಕಿಟ್ಟನ್ನು ಯಾವ ಕಾರಿಗೂ ಹಾಕುವಂತಿರಲಿಲ್ಲ. ಸುಳ್ಳಾಗಿದ್ದರೆ ಹಾಕಿ ಪ್ರಯೋಜನವಿರಲಿಲ್ಲ.

ರಸ್ತೆಯಲ್ಲಿ ಆದದ್ದು ಇಷ್ಟು. ಕಾರಿನ ಮುಂದಿನ ಹತ್ತು ಹದಿನೈದು ಮೀಟರು ಹಗಲಿನಂತೆ ಬೆಳಗಿತು, ಅದರಾಚೆ ಮೊದಲಿಗಿಂತಲೂ ಕತ್ತಲೆಯಾಯಿತು. ಹತ್ತಿರದ ಪ್ರಖರ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ದೂರದ ಮಸುಕು ಬೆಳಕು ಕಾಣಿಸುವುದಿಲ್ಲವಾದ್ದರಿಂದ ಚಾಲಕನಿಗೆ ಬೆಳಕು ಹೆಚ್ಚಾದಂತೆ ತೋರಿದರೂ ನೋಟದ ದೂರ ಕುಗ್ಗಿರುತ್ತದೆ. ಆಗುಂಬೆಯ ಮಂಜಿನಲ್ಲಂತೂ ಬಿಳಿ ಪರದೆಯೊಂದು ಬಾನೆಟ್ಟಿನ ಮುಂದೆಯೇ ಎದ್ದುನಿಂತಂತಾಗುತ್ತಿತ್ತು ಎಂದು ಅವರು ವಿವರಿಸಿದರು. ಎದುರಿನ ವಾಹನಗಳವರು ಲೋ ಬೀಮ್ ಇದ್ದಾಗಲೂ ಡಿಪ್ ಮಾಡಿ ಎಂದು ದೀಪ ಮಿಟುಕಿಸುತ್ತಿದ್ದರು.

ಇದರ ಕಾರಣ ಎಲ್‌ಇಡಿ ಎಂಬ ತಂತ್ರಜ್ಞಾನದಲ್ಲಿಲ್ಲ, ಅದನ್ನು ಕೂರಿಸಿದ ಜಾಗದಲ್ಲಿದೆ. ಎಚ್4 ರಿಫ್ಲೆಕ್ಟರಿನ ಒಂದೊಂದು ತುಣುಕನ್ನೂ ಕೆಲವೇ ಮಿಲಿಮೀಟರ್ ಉದ್ದದ, ಸುತ್ತಲೂ ಬೆಳಕು ಚೆಲ್ಲುವ ಸಣ್ಣ ಫಿಲಮೆಂಟು ಇಂಥದೇ ಬಿಂದುವಿನಲ್ಲಿರುತ್ತದೆ ಎಂದು ಭಾವಿಸಿ ರೂಪಿಸಲಾಗಿದೆ. ಎಲ್‌ಇಡಿ ಕಿಟ್ಟಿನ ಚಿಪ್ಪುಗಳು ಲೋಹದ ಪಟ್ಟಿಯೊಂದರ ಎರಡು ಮುಖಗಳಲ್ಲಿ ಕೂತು ಎರಡೇ ಕಡೆಗೆ ಬೆಳಕು ಚೆಲ್ಲುತ್ತವೆ. ಪಟ್ಟಿಯ ದಪ್ಪದಷ್ಟು ಅವು ಮಧ್ಯಬಿಂದುವಿನಿಂದ ಆಚೀಚೆ ಸರಿದಿರುತ್ತವೆ. ಮೂಲ ಒಂದೆರಡು ಮಿಲಿಮೀಟರ್ ಸರಿದರೂ ನೂರು ಮೀಟರ್ ಮುಂದೆ ಬೆಳಕು ಬೀಳುವ ಜಾಗ ಎಲ್ಲೋ ಹೋಗುತ್ತದೆ. ಜರ್ಮನಿಯಲ್ಲಿ 2020ರಿಂದ ಹ್ಯಾಲೊಜೆನ್ ದೀಪಗಳಿಗೆ ಹಾಕಬಹುದಾದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅಲ್ಲಿನ ಮೋಟಾರು ವಾಹನ ಪ್ರಾಧಿಕಾರ ಅನುಮತಿ ಕೊಟ್ಟಿರುವುದು ನಿಜ. ಆದರೆ ಆ ಅನುಮತಿ ಬಲ್ಬಿಗೆ ಮಾತ್ರ ಸಂಬಂಧಿಸಿದ್ದಲ್ಲ, ಇಂಥ ಕಾರಿನ ಇಂಥ ದೀಪಕ್ಕೆ ಎಂದು ಪಟ್ಟಿ ಮಾಡಿದ ಜೋಡಿಗಳಿಗೆ ಸೀಮಿತವಾದದ್ದು. ನಮ್ಮ ಮಾಲೀಕರ ಕಾರಿನ ದೀಪದ ಗಾಜಿನ ಮೇಲೂ ಎಚ್‌ಸಿಆರ್ ಎಂಬ ಅಕ್ಷರಗಳಿದ್ದವು. ಇದು ಹ್ಯಾಲೊಜೆನ್ ಬಲ್ಬಿನೊಂದಿಗೆ, ಲೋ ಮತ್ತು ಹೈ ಬೀಮ್ ಎರಡಕ್ಕೂ ಪರೀಕ್ಷೆಯಾದ ದೀಪ ಎಂಬುದರ ಗುರುತು. ಬಲ್ಬಿನ ಜಾತಿ ಬದಲಾದ ಕ್ಷಣದಲ್ಲಿ ಆ ಪರೀಕ್ಷೆಗೂ ದೀಪಕ್ಕೂ ಸಂಬಂಧ ಉಳಿಯುವುದಿಲ್ಲ.

2024ರಲ್ಲಿ ಎರಡು ಬೆಳವಣಿಗೆಗಳು ಒಟ್ಟಿಗೆ ಬಂದವು. ಆ ವರ್ಷದ ಮಧ್ಯಭಾಗದಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯವ್ಯಾಪಿ ಕಾರ್ಯಾಚರಣೆ ಕೈಗೊಂಡಾಗ ಈ ಕಾರನ್ನೂ ತಡೆದು, ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ 500 ರೂಪಾಯಿ ದಂಡ ಹಾಕಿದರು. ಅದೇ ವರ್ಷ ಕಾರಿಗೆ 15 ವರ್ಷ ತುಂಬಿದ್ದರಿಂದ ನೋಂದಣಿ ಪತ್ರದ (ಆರ್‌ಸಿ) ನವೀಕರಣಕ್ಕಾಗಿ ಸಾರಿಗೆ ಕಚೇರಿಗೆ ಒಯ್ಯಬೇಕಾಯಿತು. ಅಲ್ಲಿನ ಇನ್‌ಸ್ಪೆಕ್ಟರ್ ದೀಪ ಹಾಕಿಸಿ ನೋಡಿ, ಕಂಪನಿಯ ಬಲ್ಬನ್ನೇ ಹಾಕಿ ಕಾರನ್ನು ಮತ್ತೊಮ್ಮೆ ತರುವಂತೆ ಹೇಳಿ ಕಳುಹಿಸಿದರು. ದಂಡವನ್ನು ಗೊಣಗುತ್ತ ಕಟ್ಟಿದ್ದ ಮಾಲೀಕರಿಗೆ ಇದು ಅನ್ಯಾಯವೆನಿಸಿತು. ರಾತ್ರಿ ಘಾಟಿಯಲ್ಲಿ ಸರಿಯಾಗಿ ಕಾಣಬೇಕೆನ್ನುವುದು ತಪ್ಪೇ, ಎಷ್ಟು ಬೆಳಕು ಇರಬಹುದೆಂದು ಕಾನೂನಾದರೂ ಸರಿಯಾಗಿ ಹೇಳಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಪ್ರಶ್ನೆ ಉತ್ತರಕ್ಕೆ ಅರ್ಹವಾದದ್ದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಬೆಳಕಿನ ಪ್ರಮಾಣವನ್ನು ಹೇಳದೆ ಬೆಳಕು ತಲುಪಬಾರದ ಜಾಗವನ್ನು ಹೇಳುತ್ತದೆ: ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲತುದಿಯಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಬೆಳಕು ಕುಕ್ಕದಂತೆ ಕಿರಣ ಕೆಳಕ್ಕೆ ಬಾಗಿರಬೇಕು, ಇಲ್ಲವೇ ಚಾಲಕ ಅದನ್ನು ಹಾಗೆ ಬಾಗಿಸಲು ಸಾಧ್ಯವಿರಬೇಕು. ನನಗೆ ಈ ನಿಯಮ ತುಂಬ ಸಮಂಜಸವೆನಿಸುತ್ತದೆ. ಅದು ಯಾವ ತಂತ್ರಜ್ಞಾನವನ್ನೂ ಹೆಸರಿಸುವುದಿಲ್ಲ, ಆದ್ದರಿಂದ ಹಳತಾಗಿಲ್ಲ. ಒಂದು ಟೇಪು, ಒಂದು ಗೋಡೆ ಇದ್ದರೆ ಯಾರು ಬೇಕಾದರೂ ಪರೀಕ್ಷಿಸಬಹುದು. ತೊಡಕು ಇರುವುದು ಜಾರಿಯಲ್ಲಿ. ರಸ್ತೆಬದಿಯಲ್ಲಿ ನಿಂತ ಪೊಲೀಸರ ಬಳಿ ಟೇಪೂ ಇಲ್ಲ, ಗೋಡೆಯೂ ಇಲ್ಲ. ಅವರು ಬೆಳಕಿನ ಬಣ್ಣ ನೋಡಿ ತೀರ್ಮಾನಿಸುತ್ತಾರೆ. ಹೀಗಾಗಿ ಬಿಳಿ ಬೆಳಕಿನವರು ಸಿಕ್ಕಿಬೀಳುತ್ತಾರೆ, ಹಳದಿ ಬೆಳಕಿನ 100/90 ಬಲ್ಬನ್ನು ಆಕಾಶಕ್ಕೆ ತಿರುಗಿಸಿಕೊಂಡವರು ಪಾರಾಗುತ್ತಾರೆ. ಹಿಂದೊಮ್ಮೆ ಹೆಡ್‌ಲೈಟಿನ ಗಾಜಿನ ಮೇಲೆ ಕಪ್ಪು ಬಣ್ಣ ಬಳಿಸುತ್ತಿದ್ದ ಕ್ರಮವೂ ಇದೇ ಬಗೆಯದಾಗಿತ್ತು. ನೋಡುವವರಿಗೆ ಗುರುತಿಸಲು ಸುಲಭ, ಕಿರಣದ ದಿಕ್ಕಿಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ.

ದಂಡದ ವಿಷಯದಲ್ಲಿ ಮಾಲೀಕರು ಅಗ್ಗದಲ್ಲೇ ಮುಗಿಸಿಕೊಂಡರೆನ್ನಬೇಕು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಈ ಕಲಮನ್ನು ಬಿಗಿಯಾಗಿ ಅರ್ಥೈಸಬೇಕೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ತೀರ್ಪು ನೀಡಿತ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಒಂದು ಬಲ್ಬಿನ ಬದಲಾವಣೆ ಈ ಕಲಮಿನೊಳಗೆ ಬರುತ್ತದೆಯೇ ಎಂಬುದು ವಾದಕ್ಕೆ ಅವಕಾಶವಿರುವ ವಿಷಯ, ಏಕೆಂದರೆ ಆರ್‌ಸಿಯಲ್ಲಿ ಬಲ್ಬಿನ ವಿವರ ಇರುವುದಿಲ್ಲ. 177ನೇ ಕಲಮಿನ ಸಣ್ಣ ದಂಡವೇ ರಸ್ತೆಯಲ್ಲಿ ಹೆಚ್ಚು ಬಳಕೆಯಾಗುವುದಕ್ಕೆ ಇದೂ ಕಾರಣವಿರಬಹುದು.

ಸಾರಿಗೆ ಕಚೇರಿಯಿಂದ ಮರಳಿದ ಕಾರನ್ನು ತೀರ್ಥಹಳ್ಳಿಯ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಒಯ್ಯಲಾಯಿತು. ಅವರು ಮೊದಲು ಕೇಳಿದ್ದು ಮಲ್ಟಿಮೀಟರ್. ಹೊಸ 60/55 ಬಲ್ಬುಗಳನ್ನು ಹಾಕಿ, ಎಂಜಿನ್ ಓಡುತ್ತಿರುವಾಗ, ದೀಪ ಉರಿಯುತ್ತಿರುವ ಸ್ಥಿತಿಯಲ್ಲೇ ಅಳೆದರು: ಬ್ಯಾಟರಿಯ ತುದಿಯಲ್ಲಿ 14.1 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 11.9 ವೋಲ್ಟ್. ದಾರಿಯಲ್ಲಿ ಎರಡು ವೋಲ್ಟಿಗಿಂತ ಹೆಚ್ಚು ಕಾಣೆಯಾಗಿತ್ತು. ಇದು ಸಣ್ಣ ಕೊರತೆಯಲ್ಲ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಆ ಲೆಕ್ಕದಂತೆ 13.2 ವೋಲ್ಟಿನಲ್ಲಿ 1000 ಲ್ಯುಮೆನ್ ಕೊಡುವ ಬಲ್ಬ್ 11.9ರಲ್ಲಿ ಸುಮಾರು 700 ಲ್ಯುಮೆನ್ ಮಾತ್ರ ಕೊಡುತ್ತದೆ. ಇದೇ ವೈರಿಂಗ್‌ಗೆ 90 ವ್ಯಾಟಿನ ಬಲ್ಬ್ ಹಾಕಿದಾಗ ಕರೆಂಟ್ ಹೆಚ್ಚಾಗಿ ಕೊರತೆ ಇನ್ನೂ ಏರಿ, ಹೋಲ್ಡರಿನಲ್ಲಿ 11 ವೋಲ್ಟ್ ಕೂಡ ಉಳಿದಿರಲಾರದು; ಆ ಬಲ್ಬಿನ ಬೆಳಕಿನ ಅರ್ಧದಷ್ಟು ಮಾತ್ರ ರಸ್ತೆಗೆ ಬಂದಿದ್ದೀತು. ಆದ್ದರಿಂದ ಮಾಲೀಕರು ದುಡ್ಡು ಕೊಟ್ಟು ಕಾನೂನು ಮೀರಿ ಪಡೆದದ್ದು, ಒಳ್ಳೆಯ ವೈರಿಂಗ್ ಇದ್ದಿದ್ದರೆ 55 ವ್ಯಾಟಿನ ಬಲ್ಬೇ ಕೊಡುತ್ತಿದ್ದ ಬೆಳಕಿಗಿಂತ ಕಡಿಮೆಯೇ ಇತ್ತು.

ಎಲೆಕ್ಟ್ರಿಷಿಯನ್ ಹಾಕಿದ್ದು ಎರಡು ರಿಲೇಗಳ (ಸಣ್ಣ ಕರೆಂಟಿನ ಸಂಕೇತದಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚುಗಳ) ಒಂದು ವೈರಿಂಗ್ ಕಿಟ್. ಇದರಲ್ಲಿ ಹಳೆಯ ಸ್ವಿಚ್ಚಿನ ಕೆಲಸ ರಿಲೇಗೆ ಸಂಕೇತ ಕೊಡುವುದಷ್ಟೇ. ಬಲ್ಬಿನ ಕರೆಂಟ್ ಬ್ಯಾಟರಿಯಿಂದ ನೇರವಾಗಿ, ದಪ್ಪ ವೈರಿನಲ್ಲಿ, ಅಡ್ಡದಾರಿಯಿಲ್ಲದೆ ಹೋಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕೆಂದು ಅವರು ಪಟ್ಟುಹಿಡಿದರು. ಫ್ಯೂಸನ್ನು ದೂರವಿಟ್ಟರೆ ನಡುವಿನ ವೈರು ಎಲ್ಲಾದರೂ ಕಾರಿನ ಲೋಹದ ಮೈಗೆ ಉಜ್ಜಿ ಶಾರ್ಟ್ ಆದಾಗ ಅದನ್ನು ತಡೆಯುವುದು ಯಾವುದೂ ಇರುವುದಿಲ್ಲ. ಕಾರಿಗೆ ಬೆಂಕಿ ಬೀಳುವುದು ಹೀಗೆಯೇ. ಹೋಲ್ಡರುಗಳಿಗೆ ಸಿರಾಮಿಕ್ ಮಾದರಿ, ಅರ್ಥಿಂಗ್‌ಗೆ ಹೊಸ ವೈರು, ತುಕ್ಕು ಉಜ್ಜಿ ತೆಗೆದ ಜಾಗಕ್ಕೆ ಬೋಲ್ಟು. ಕೆಲಸ ಮುಗಿದ ಮೇಲೆ ಹೋಲ್ಡರಿನಲ್ಲಿ 13.4 ವೋಲ್ಟ್ ಬಂತು. ಬಲ್ಬು ಅದೇ, ವ್ಯಾಟು ಅದೇ, ಬೆಳಕು ಮಾತ್ರ ಲೆಕ್ಕದ ಪ್ರಕಾರ ಮೊದಲಿನ ಸುಮಾರು ಒಂದೂವರೆ ಪಟ್ಟು. ವೋಲ್ಟೇಜ್ ಹೆಚ್ಚಾದಷ್ಟೂ ಬಲ್ಬಿನ ಆಯುಸ್ಸು ತೀವ್ರವಾಗಿ ಕುಗ್ಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಬಲ್ಬುಗಳನ್ನು ಇನ್ನು ಮುಂದೆ ಬೇಗ ಬದಲಾಯಿಸಬೇಕಾಗಬಹುದೆಂದು ಮಾಲೀಕರಿಗೆ ಮೊದಲೇ ತಿಳಿಸಲಾಗಿತ್ತು.

ಹಳದಿಗಟ್ಟಿದ್ದ ಪಾಲಿಕಾರ್ಬೊನೇಟ್ ಗಾಜನ್ನು ನೀರು ಹಾಕಿ ಉಜ್ಜುವ ಮರಳುಕಾಗದದಿಂದ ಹಂತಹಂತವಾಗಿ ಉಜ್ಜಿ, ಪಾಲಿಷ್ ಮಾಡಿ, ಬಿಸಿಲಿನಿಂದ ರಕ್ಷಿಸುವ ಲೇಪ ಕೊಡಲಾಯಿತು. ಮಸುಕಾದ ಗಾಜು ಬೆಳಕನ್ನು ತಡೆಯುವುದಷ್ಟೇ ಅಲ್ಲದೆ ಚದುರಿಸುವುದರಿಂದ, ಚಾಲಕನಿಗೂ ಎದುರಿನವನಿಗೂ ಏಕಕಾಲಕ್ಕೆ ತೊಂದರೆ ಕೊಡುತ್ತದೆ.

ಕೊನೆಯ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಅದಕ್ಕೆ ಖರ್ಚೇ ಇರಲಿಲ್ಲ. ಅಡಿಕೆ ಗೋದಾಮಿನ ಗೋಡೆಯಿಂದ ಸರಿಯಾಗಿ 8 ಮೀಟರ್ ದೂರದಲ್ಲಿ, ಸಮತಟ್ಟಾದ ಸಿಮೆಂಟ್ ಕಣದ ಮೇಲೆ, ಟೈರುಗಳಿಗೆ ಗಾಳಿ ಸರಿಯಾಗಿ ತುಂಬಿಸಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಕಾರು ನಿಲ್ಲಿಸಲಾಯಿತು. ದೀಪದ ಮಧ್ಯಭಾಗ ನೆಲದಿಂದ 64 ಸೆಂಟಿಮೀಟರ್ ಎತ್ತರದಲ್ಲಿತ್ತು. ಲೋ ಬೀಮ್ ಸಾಮಾನ್ಯವಾಗಿ ಶೇ. 1ರಷ್ಟು ಕೆಳಮುಖವಾಗಿರಬೇಕಾದ್ದರಿಂದ, 8 ಮೀಟರಿನಲ್ಲಿ ಬೆಳಕಿನ ಗೆರೆ 8 ಸೆಂಟಿಮೀಟರ್ ಇಳಿದು 56ರಲ್ಲಿ ನಿಲ್ಲಬೇಕು. ಸೀಮೆಸುಣ್ಣದಲ್ಲಿ ಆ ಗೆರೆಯನ್ನು ಎಳೆದು, 106ನೇ ನಿಯಮದ ಒಂದೂವರೆ ಮೀಟರ್ ಎತ್ತರದಲ್ಲಿ ಇನ್ನೊಂದು ಗುರುತು ಹಾಕಿದರು. ಎಡದೀಪ ತೀರಾ ಕೆಳಗೆ ಬಿದ್ದಿತ್ತು. ಬಲದೀಪದ ಗೆರೆ ದೀಪದ ಎತ್ತರಕ್ಕಿಂತಲೂ ಮೇಲಿತ್ತು. ಹಿಂದೊಮ್ಮೆ ಬಂಪರ್ ರಿಪೇರಿಯಾದಾಗ ದೀಪದ ಬ್ರ್ಯಾಕೆಟ್ ಬಾಗಿದ್ದನ್ನು ಯಾರೂ ಗಮನಿಸಿರಲಿಲ್ಲ. ರಸ್ತೆಯ ಎಡ ಅಂಚು ಕಾಣುವುದಿಲ್ಲ ಎಂಬ ಮೊದಲ ದೂರಿಗೂ, ಎದುರಿನವರು ದೀಪ ಮಿಟುಕಿಸುತ್ತಿದ್ದುದಕ್ಕೂ ಅರ್ಧ ಕಾರಣ ಇಲ್ಲಿತ್ತು. ಎರಡನ್ನೂ ಸ್ಕ್ರೂ ತಿರುಗಿಸಿ ಗೆರೆಗೆ ಹೊಂದಿಸಿದ ಮೇಲೆ, ಹೋಲಿಕೆಗಾಗಿ ಹಳೆಯ ಎಲ್‌ಇಡಿ ಬಲ್ಬನ್ನು ಒಂದು ಬದಿಗೆ ಹಾಕಿ ನೋಡಲಾಯಿತು. ಗೋಡೆಯ ಮೇಲೆ ಗೆರೆಯೆಂಬುದೇ ಮೂಡಲಿಲ್ಲ. ಒಂದೂವರೆ ಮೀಟರಿನ ಗುರುತಿನ ಬಳಿ ದಿನಪತ್ರಿಕೆ ಹಿಡಿದರೆ ಓದುವಷ್ಟು ಬೆಳಕಿತ್ತು. ಹ್ಯಾಲೊಜೆನ್ ಹಾಕಿದಾಗ ಅದೇ ಜಾಗದಲ್ಲಿ ತಲೆಬರಹ ಕೂಡ ಕಾಣಲಿಲ್ಲ. ಮಾಲೀಕರ ವಾದ ನಿಂತದ್ದು ಅಲ್ಲಿಯೇ.

ರಿಲೇ ಕಿಟ್ ಹಾಕಿದ್ದೂ ಒಂದು ಮಾರ್ಪಾಡಲ್ಲವೇ ಎಂದು ಕೇಳಬಹುದು. ಹೊಸ ಕಾರಿನಲ್ಲಿ ವೈರು ಕತ್ತರಿಸಿ ಇಂಥದನ್ನು ಹಾಕಿದರೆ ವಾರಂಟಿಗೆ ಕುತ್ತು ಬರಬಹುದು. ಬೆಂಕಿ ಅನಾಹುತವಾದರೆ ವಿಮಾ ಸರ್ವೇಯರ್ ಮೊದಲು ಪ್ರಶ್ನಿಸುವುದೂ ಇದನ್ನೇ. ಈ ಕಾರಿನಲ್ಲಿ ಯಾವ ವೈರನ್ನೂ ಕತ್ತರಿಸದೆ ಕಪ್ಲರ್‌ನಿಂದ ಕಪ್ಲರ್‌ಗೆ ಜೋಡಿಸಲಾಗಿದೆ, ಬೇಕೆಂದಾಗ ಕಳಚಿಡಬಹುದು. ಹೊರಬರುವ ಬೆಳಕು ದೀಪದ ಮಾನದಂಡದೊಳಗೇ ಇರುವುದರಿಂದ ಇನ್‌ಸ್ಪೆಕ್ಟರ್ ಎರಡನೆಯ ಸಲ ಆಕ್ಷೇಪಣೆ ಎತ್ತಲಿಲ್ಲ, ನವೀಕರಣ ಐದು ವರ್ಷಕ್ಕೆ ದೊರೆಯಿತು. ಎಲ್ಲ ಸೇರಿ ತಗುಲಿದ ಖರ್ಚು ಎಲ್‌ಇಡಿ ಕಿಟ್ಟಿಗೆ ಕೊಟ್ಟಿದ್ದಕ್ಕಿಂತ ಕಡಿಮೆ.

ಮಾಲೀಕರಿಗೆ ಪೂರ್ಣ ತೃಪ್ತಿಯಾಗಿದೆ ಎನ್ನುವಂತಿಲ್ಲ. ಹೈ ಬೀಮ್ ಇನ್ನೂ ಸಾಲದೆಂದು ಬಂಪರಿಗೆ ಎಲ್‌ಇಡಿ ಬಾರ್ ಹಾಕಿಸುವ ವಿಚಾರ ಅವರಲ್ಲಿತ್ತು. ನೋಂದಣಿ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ವಾಹನದ ಮುಂಭಾಗಕ್ಕೆ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಹಾಕುವುದನ್ನು 111ನೇ ನಿಯಮ ನಿಷೇಧಿಸುತ್ತದೆ ಎಂದು ತಿಳಿದ ಮೇಲೆ ಅದನ್ನು ಕೈಬಿಟ್ಟರು. ದಟ್ಟ ಮಂಜಿನಲ್ಲಿ ನೋಟದ ದೂರ ಈಗಲೂ ಕಡಿಮೆಯೇ. ಅಲ್ಲಿ ಲೋ ಬೀಮ್ ಇಟ್ಟುಕೊಂಡು ವೇಗ ಇಳಿಸುವುದರ ಹೊರತು ಬಲ್ಬಿನಿಂದ ಆಗುವಂಥದ್ದು ಹೆಚ್ಚೇನಿಲ್ಲ. ಸುಗ್ಗಿಯ ದಿನಗಳಲ್ಲಿ ಡಿಕ್ಕಿಯ ತುಂಬ ಅಡಿಕೆ ಮೂಟೆ ಹೇರಿದಾಗ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುವುದರಿಂದ, ಗೋಡೆಯ ಮುಂದೆ ಹೊಂದಿಸಿದ ಗೆರೆಯೂ ಅದರೊಂದಿಗೆ ಏರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ಅಂಕಿಗಳಿರುವ ಸಣ್ಣ ಚಕ್ರವನ್ನು ಅಂತಹ ದಿನ 2ಕ್ಕೋ 3ಕ್ಕೋ ತಿರುಗಿಸಿ, ಮೂಟೆ ಇಳಿಸಿದ ಮೇಲೆ ಮತ್ತೆ 0ಗೆ ತರಬೇಕೆಂದು ಎಲೆಕ್ಟ್ರಿಷಿಯನ್ ತೋರಿಸಿಕೊಟ್ಟರು. ಆ ಚಕ್ರ ಯಾವುದಕ್ಕೆಂದು ಅಷ್ಟು ವರ್ಷ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.